ಅಣ್ಣ ಆರಿಸಿಕೊಟ್ಟ ಸಿಲಿಂಡರ್ ಹೆಡ್

ಜೂನ್ ೧೨, ಶುಕ್ರವಾರ

ಇಂಥದ್ದನ್ನು ಅಣ್ಣ ಮಾಡಿದನೆಂದು ಬೇರೆ ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ಸಂಜೆ ಸ್ಪ್ಯಾನರ್ ಕೇಳೋಣವೆಂದು ಅವನ ಗ್ಯಾರೇಜಿಗೆ ಹೋದಾಗ, ತನ್ನ ಕಾರಿನ ಎಂಜಿನ್ನಿಗೆ ಹೊಸ ಸಿಲಿಂಡರ್ ಹೆಡ್ ಕೂರಿಸುತ್ತಿದ್ದ. ನಾನು ಆಸೆಪಟ್ಟಿದ್ದ, ಎಂಜಿನ್ನಿಗೆ ಹೆಚ್ಚು ವೇಗ ಕೊಡುವ ಅದೇ ದುಬಾರಿ ಹೆಡ್. "ಅಗ್ಗದ್ದೇ ಸಾಕು ಕಣೇ, ಓಟದಲ್ಲಿ ಏನೂ ವ್ಯತ್ಯಾಸ ಗೊತ್ತಾಗಲ್ಲ" ಎಂದು ತಲೆ ತಿಂದು ನನ್ನ ಆಸೆ ಬಿಡಿಸಿದವನು ಅವನೇ. ನಂಬಿ ಅಗ್ಗದ್ದನ್ನೇ ಹಾಕಿಸಿಕೊಂಡೆ. ಭಾನುವಾರದ ರೇಸಿನಲ್ಲಿ ನಾವಿಬ್ಬರೂ ಇದ್ದೇವೆ.

"ಇದೇನಣ್ಣ?" ಎಂದೆ.

ಅವನು ಕೈಯ ಗ್ರೀಸ್ ಒರೆಸುತ್ತಲೇ ಇದ್ದ. "ಹೋದ್ಸಲ ರೇಸಲ್ಲಿ ನನ್ನನ್ನ ಹಿಂದೆ ಹಾಕಿದ್ಯಲ್ಲ, ಎಲ್ರೂ ನಕ್ಕರು. ಇನ್ನೊಂದ್ಸಲ ತಡ್ಕೊಳ್ಳೋಕಾಗಲ್ಲ."

ಕಾರು ಓಡಿಸುವುದನ್ನು ಕಲಿಸಿದವನೇ ಅವನು. ಅವತ್ತು ನಾನು ಗೆದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಅವನೇ. ಅದು ಸುಳ್ಳಾಗಿತ್ತೇ?

ಬಾಗಿಲವರೆಗೆ ಬಂದು, "ಅಮ್ಮಂಗೆ ಹೇಳ್ಬೇಡ" ಎಂದ. ಬಾಯಿಗೆ ಬಂದಂತೆ ಬೈಯಬೇಕಿತ್ತು.

"ಇಲ್ಲಣ್ಣ, ಹೇಳಲ್ಲ" ಎಂದುಬಿಟ್ಟೆ. ಅವನ ಮೇಲಿನ ಸಿಟ್ಟಿಗಿಂತ ಈಗ ಇದೇ ಹೆಚ್ಚು ಉರಿಯುತ್ತಿದೆ. ಅಷ್ಟಾದ ಮೇಲೂ ನಾನು ಯಾಕೆ ಹಾಗೆ...