ಕಚ್ಚಾ ಹೊಲಿಗೆಗೆ ಒಂದೇ ಅರ್ಥ ಕೊಟ್ಟವರಿಗೆ

ಪರೀಕ್ಷಾ ಮಂಡಳಿಯ ಮೌಲ್ಯಮಾಪನ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನನಗೆ ಮದುವೆಯಾಯಿತು, ಇವತ್ತಿಗೆ ಇಪ್ಪತ್ತಮೂರು ದಿನ, ಮತ್ತು ನಾನು ಎಷ್ಟು ಖುಷಿಯಾಗಿದ್ದೇನೆಂದರೆ ಒಲೆಯ ಮೇಲಿಟ್ಟ ಹಾಲನ್ನು ಮರೆತು ಮೂರು ಸಲ ಉಕ್ಕಿಸಿದ್ದೇನೆ. ಈ ಖುಷಿಯ ನಡುವೆ ನೀವು ನನ್ನ ಅತ್ತೆಯನ್ನು ನಾಲ್ಕು ಅಂಕಗಳಿಂದ ನಾಪಾಸು ಮಾಡಿದ್ದೀರಿ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮ್ಮ ಕಚೇರಿಗೆ ಬರೆದ ಎರಡು ಪತ್ರಗಳಿಗೆ ಉತ್ತರವಿಲ್ಲ, ಅದಕ್ಕೇ ಈ ಮೂರನೆಯದು ಊರೆಲ್ಲ ಓದುವ ಹಾಗೆ.

ಅತ್ತೆಗೆ ಐವತ್ತೊಂದು ವರ್ಷ. ಮೂವತ್ತು ವರ್ಷದಿಂದ ಹೊಲಿಗೆಯೇ ಅವರ ಕಸುಬು. ಪಕ್ಕದ ಬೀದಿಯ ಹೊಲಿಗೆ ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯ ಕೆಲಸ ಖಾಲಿಯಿದೆ. ಅವರನ್ನೇ ತೆಗೆದುಕೊಳ್ಳುತ್ತಾರಂತೆ, ಆದರೆ ಈ ತಿಂಗಳ ಕೊನೆಯೊಳಗೆ ನಿಮ್ಮ ಹತ್ತನೇ ತರಗತಿಯ ಪ್ರಮಾಣಪತ್ರ ಬೇಕಂತೆ. ಅದಕ್ಕಾಗಿ ಅವರು ಬೆಳಗಿನ ಹೊತ್ತು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಓದಿದರು. ಉಳಿದ ವಿಷಯಗಳೆಲ್ಲ ಪಾಸು. ಭಾಷಾ ಪತ್ರಿಕೆಯ ಏಳನೇ ಪ್ರಶ್ನೆ ಮಾತ್ರ ಅವರನ್ನು ಕೆಡವಿತು.

ಆ ಪ್ರಶ್ನೆ ಪಠ್ಯದ ಒಂದು ಸಣ್ಣ ಕಥೆಯ ಮೇಲಿತ್ತು. ಕಥೆಯಲ್ಲೊಬ್ಬಳು ಹೊಲಿಗೆ ಕೆಲಸದ ತಾಯಿ. ಮಗಳ ಮದುವೆಯ ಉಡುಪನ್ನು ತಾನೇ ಹೊಲಿಯುತ್ತಾಳೆ. ಮಗಳು ಗಂಡನ ಮನೆಗೆ ಹೋಗಿ ಉಡುಪು ಬಿಚ್ಚಿಟ್ಟಾಗ ನೋಡುತ್ತಾಳೆ: ಸೊಂಟದ ಸುತ್ತ ಬರೀ ಕಚ್ಚಾ ಹೊಲಿಗೆ. ಅಳತೆ ನೋಡಲೆಂದು ಮೊದಲು ಉದ್ದುದ್ದ ಹಾಕಿ, ಪಕ್ಕಾ ಹೊಲಿದ ಮೇಲೆ ಕಿತ್ತುಹಾಕುವ ದಾರ ಅದು. ಪ್ರಶ್ನೆ: ‘ತಾಯಿಯ ಪಾತ್ರ, ಕಥೆಯ ಸಂಘರ್ಷ ಹಾಗೂ ಕಚ್ಚಾ ಹೊಲಿಗೆಯ ಸಂಕೇತಾರ್ಥವನ್ನು ವಿವರಿಸಿ.’ ಹತ್ತು ಅಂಕ.

ನಿಮ್ಮ ಮಾದರಿ ಉತ್ತರ ನನಗೆ ಬಾಯಿಪಾಠ. ತಾಯಿ ಮುಗ್ಧೆ, ತ್ಯಾಗಮಯಿ. ಸಂಘರ್ಷ ವ್ಯಕ್ತಿಗೂ ಬಡತನಕ್ಕೂ. ಕಚ್ಚಾ ಹೊಲಿಗೆ ಮುಪ್ಪಿನ ಮರೆವಿನ, ಮಂಜಾದ ಕಣ್ಣಿನ ಸಂಕೇತ. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಅಲ್ಲಿ ಸಂಘರ್ಷಕ್ಕೆ ನಾಲ್ಕು ವಿಧ, ಸಂಕೇತಕ್ಕೆ ಒಂದು ಪಟ್ಟಿ, ಮಳೆ ಬಂದರೆ ದುಃಖ, ದೀಪ ಆರಿದರೆ ಸಾವು. ಕಥೆ ಓದದೆಯೇ ನಾನು ಯಾವಾಗಲೂ ಪೂರ್ತಿ ಅಂಕ ತೆಗೆದವಳು. ಆ ಸೊಕ್ಕಿನಲ್ಲೇ, ನಿಶ್ಚಯವಾದ ಹೊಸತರಲ್ಲಿ, ಭಾವಿ ಅತ್ತೆಯನ್ನು ಮೆಚ್ಚಿಸಲು ಗೈಡಿನಿಂದ ಆ ಉತ್ತರ ನಕಲು ಮಾಡಿ ಕೊಟ್ಟೆ.

ಅವರು ಓದಿ ನಕ್ಕರು. “ಮರೆವಂತೆ. ಕಥೇಲಿ ಹಿಂದಿನ ಪುಟ ನೋಡು ಪುಟ್ಟಿ. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು ಅಂತ ಬರೆದಿದ್ದಾನೆ. ಕಣ್ಣು ಮಂಜಾದವಳು ಪೋಣಿಸ್ತಾಳಾ?”

“ಮತ್ಯಾಕತ್ತೆ ಹಾಗೆ ಬಿಟ್ಟಳು?”

“ಬಟ್ಟೆ ವಾಪಸ್ ಬರತ್ತೆ ಅಂತ ಗೊತ್ತಿದ್ದಾಗ ಹಾಗೆ ಬಿಡ್ತೀವಿ. ಅದೇ ಬಣ್ಣದ ದಾರದ ರೀಲನ್ನ ಯಾರಿಗೂ ಬಳಸದೆ ಡಬ್ಬೀಲಿ ಎತ್ತಿಟ್ಟಳು ಅಂತಾನೂ ಇದೆಯಲ್ಲ. ಆ ಹುಡುಗ ಅವಳಿಗೆ ಹಿಡಿಸಿರಲಿಲ್ಲ ಕಣೇ. ಮಗಳು ತಿರುಗಿ ಬರ್ತಾಳೆ ಅಂತ ಕಾಯ್ತಿದ್ದಾಳೆ. ಬಾಯಿ ಹೂಂ ಅಂತು, ಕೈ ಊಹೂಂ ಅಂತು.”

ಮಾನ್ಯರೇ, ಹದಿನೈದು ವರ್ಷ ಓದಿ ನಾನು ಕಲಿಯದ್ದನ್ನು ಅವರು ಇಂಚುಪಟ್ಟಿ ಕೊರಳಿಗೆ ಹಾಕಿಕೊಂಡೇ ಹೇಳಿಬಿಟ್ಟರು. ಪಾತ್ರ, ಸಂಘರ್ಷ, ಸಂಕೇತ ಮೂರೂ ಅದರಲ್ಲಿಲ್ಲವೇ? ಆದರೂ ನಾನು ಅಂದೆ, “ಅತ್ತೆ, ಪರೀಕ್ಷೆಗೆ ಗೈಡಿನದ್ದೇ ಬರೀರಿ.” ಅವರು ಬರೆಯಲಿಲ್ಲ. ತಮಗೆ ಕಂಡದ್ದನ್ನು ಎರಡು ಪುಟ ಬರೆದರು. ನಿಮ್ಮಿಂದ ತರಿಸಿಕೊಂಡ ಉತ್ತರಪತ್ರಿಕೆಯ ನಕಲು ನನ್ನ ಮುಂದಿದೆ. ಎರಡೂ ಪುಟಕ್ಕೆ ಅಡ್ಡಗೆರೆ, ಪಕ್ಕದಲ್ಲಿ ‘ಕಥೆಯಲ್ಲಿಲ್ಲ’ ಎಂಬ ಷರಾ, ಅಂಕ ಸೊನ್ನೆ. ಸೂಜಿ ಕಥೆಯಲ್ಲಿದೆ, ರೀಲು ಕಥೆಯಲ್ಲಿದೆ. ಮಂಜಾದ ಕಣ್ಣು ಎಲ್ಲಿದೆ ಎಂದು ದಯವಿಟ್ಟು ಪುಟಸಂಖ್ಯೆಯೊಂದಿಗೆ ತಿಳಿಸುವಿರಾ? ಅಥವಾ ಅದು ಮೌಲ್ಯಮಾಪಕರದ್ದೇ?

ನಿಮ್ಮ ಕಚೇರಿಗೆ ಫೋನು ಮಾಡಿದೆ. “ಮರುಎಣಿಕೆ ಇದೆ ಮೇಡಂ, ಮರು ಓದು ಇಲ್ಲ” ಎಂದರು ಗುಮಾಸ್ತರು. “ಕೀ ಆನ್ಸರಲ್ಲಿ ಇಲ್ಲದ್ದು ಉತ್ತರವೇ ಅಲ್ಲ.” ಸೊನ್ನೆಯನ್ನು ಎಷ್ಟು ಸಲ ಎಣಿಸಿದರೆ ನಾಲ್ಕಾಗುತ್ತದೆ ಸ್ವಾಮಿ?

ಫಲಿತಾಂಶ ಬಂದ ದಿನ ನಾನು ಯಾಕೋ ಒಳಗೆ ಓಡಿ, ಕಪಾಟಿನಿಂದ ನನ್ನ ಮದುವೆಯ ಉಡುಪು ತೆಗೆದು ಒಳಮೈ ತಿರುಗಿಸಿ ನೋಡಿದೆ. ಅದನ್ನು ಹೊಲಿದದ್ದೂ ಅತ್ತೆಯೇ. ಕಚ್ಚಾ ದಾರದ ಒಂದು ಎಳೆಯೂ ಇರಲಿಲ್ಲ. ಆದರೆ ಎರಡೂ ಬದಿಯಲ್ಲಿ ಎರಡೆರಡು ಇಂಚು ಬಟ್ಟೆ ಒಳಗೆ ಮಡಿಸಿ ಬಿಟ್ಟಿದ್ದರು.

“ಇಷ್ಟು ಬಟ್ಟೆ ಯಾಕತ್ತೆ ಬಿಟ್ಟಿದ್ದೀರಿ?”

“ಇಲ್ಲೇ ಇರ್ತೀಯಲ್ಲ. ನಾಲ್ಕು ದಿನ ಉಂಡು ದಪ್ಪ ಆಗ್ತೀಯ. ಆಗ ಬಿಚ್ಚಿ ಸಡಿಲ ಮಾಡೋಕೆ ಬೇಡ್ವಾ?”

ನಾನು ಆ ಉಡುಪನ್ನು ಹಿಡಿದುಕೊಂಡೇ ಅತ್ತುಬಿಟ್ಟೆ. ನಮ್ಮವರು ಗಾಬರಿಯಾಗಿ, “ಅಮ್ಮ, ಏನಂದೆ ಇವಳಿಗೆ?” ಎಂದರು. “ದಪ್ಪ ಆಗ್ತೀಯ ಅಂದೆ, ಅಷ್ಟೇ” ಎಂದರು ಅತ್ತೆ.

ಅವರು ನಾಪಾಸಾದದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಈಗ ಎರಡು ದಿನದಿಂದ ಹೊಲಿಗೆ ಯಂತ್ರ ತುಳಿಯುತ್ತಾ ನಾನು ಕೊಟ್ಟ ಅದೇ ಹಾಳೆಯನ್ನು ಎದುರಿಗಿಟ್ಟುಕೊಂಡು ಉರು ಹೊಡೆಯುತ್ತಿದ್ದಾರೆ. “ತಾಯಿ ಮುಗ್ಧೆ, ತ್ಯಾಗಮಯಿ.” ನಾನು ಕೋಣೆಯಿಂದ ಕೋಣೆಗೆ ಹೋದರೂ ಕೇಳಿಸುತ್ತದೆ. “ಮುಂದಿನ ಸಲ ಅವರಿಗೆ ಬೇಕಾದ್ದೇ ಬರೀತೀನಿ ಬಿಡು, ಕೆಲಸ ಹೋದರೆ ಹೋಯ್ತು” ಎನ್ನುತ್ತಾರೆ. ಸುಳ್ಳೆಂದು ಗೊತ್ತಿದ್ದದ್ದನ್ನು ಬರೆಯಲು ಕಲಿಸುವುದಕ್ಕೆ ಒಂದು ಮಂಡಳಿ ಬೇಕೇ? ಅದನ್ನು ನಾನೊಬ್ಬಳೇ ಕಲಿಸಬಲ್ಲೆ, ಕಲಿಸಿಯೂ ಇದ್ದೇನೆ.

ನನ್ನ ಬೇಡಿಕೆ ಇಷ್ಟೇ. ಕಥೆಯನ್ನು ಓದಿರುವ ಒಬ್ಬರು, ಮಾದರಿ ಉತ್ತರವನ್ನು ಪಕ್ಕಕ್ಕಿಟ್ಟು, ಆ ಎರಡು ಪುಟಗಳನ್ನು ನಮ್ಮೆದುರು ಓದಲಿ. ಓದಿದ ಮೇಲೂ ಸೊನ್ನೆಯೇ ಎಂದರೆ ಹೇಳಿ, ನಾವು ಎದ್ದು ಬರುತ್ತೇವೆ. ಅತ್ತೆ ಬರಲೊಲ್ಲೆ ಎನ್ನುತ್ತಿದ್ದರು. ರೈಲಿನ ಟಿಕೆಟ್ ತೋರಿಸಿದ ಮೇಲೆ, “ಸೂಜಿ ದಾರ ಇಟ್ಕೋತೀನಿ, ಅಲ್ಲಿ ಯಾರಿಗಾದ್ರೂ ಅನುಮಾನ ಇದ್ರೆ ಪೋಣಿಸಿ ತೋರಿಸೋಣ” ಎಂದರು.

ಇಂತಿ,
ಕಥೆ ಓದದೆ ಪೂರ್ತಿ ಅಂಕ ತೆಗೆದ ಸೊಸೆ

ನಾವು ಬರುವುದು ಇದೇ ಗುರುವಾರ, ಬೆಳಗ್ಗೆ ಒಂಬತ್ತು ಇಪ್ಪತ್ತರ ಪ್ಯಾಸೆಂಜರ್ ಗಾಡಿಯಲ್ಲಿ.