ಮೂರು ಗುಡ್ಡದ ಗರಿಗಳು

ಬಳಿಚಕ್ರ,
4 ಫೆಬ್ರುವರಿ 2025, ಮಂಗಳವಾರ

ಮುದ್ದಿನ ಮೊಮ್ಮಗಳು ಪವಿತ್ರಾಗೆ ಅಜ್ಜನ ಆಶೀರ್ವಾದಗಳು.

ಹೇಗಿದ್ದೀಯ ತಾಯಿ? ಕೆಮ್ಮು ನಿಂತಿತೇ? ಹೈದರಾಬಾದಿನ ಮೆಸ್ಸಿನ ಊಟ ಮೈಗೆ ಹಿಡಿಯಿತೇ? ನಿಮ್ಮಜ್ಜಿ ಭೀಮವ್ವ ಮೊನ್ನೆಯೇ ನಿನ್ನ ಊಟಕ್ಕೆ ಕಲಸಿಕೊಳ್ಳಲೆಂದು ಶೇಂಗಾ ಹಿಂಡಿ ಕುಟ್ಟಿಟ್ಟು, ಆ ಕಡೆ ಯಾರು ಹೋಗುತ್ತಾರೆಂದು ಊರೆಲ್ಲ ವಿಚಾರಿಸುತ್ತಿದ್ದಾಳೆ. ನನ್ನ ಮೊಣಕಾಲು ಹಾಗೇ ಇದೆ. ಮಲಗುವ ಹೊರಸಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಹೊರಸಿಗೆ, ಇಷ್ಟೇ ನನ್ನ ರಾಜ್ಯ. ಫೋನಿರುವಾಗ ಈ ಮುದುಕನಿಗೆ ಕಾಗದವೇಕೆ ಎಂದು ನಗಬೇಡ. ನಿನ್ನ ಫೋನು ಬಂದರೆ ಅಜ್ಜಿ ಸ್ಪೀಕರು ಹಚ್ಚುತ್ತಾಳೆ, ಓಣಿಯೇ ಸುತ್ತ ನೆರೆಯುತ್ತದೆ. ನನ್ನ ಪಾಳಿ ಬರುವಷ್ಟರಲ್ಲಿ 'ಆರಾಮ ಅದೀಯಾ ಅಜ್ಜಾ?' 'ಆರಾಮವ್ವಾ' ಎನ್ನುವುದಕ್ಕಷ್ಟೇ ಹೊತ್ತು ಉಳಿದಿರುತ್ತದೆ. ಇಪ್ಪತ್ತನೇ ತಾರೀಖು ಹದ್ದುಗಳ ಮೇಲಿನ ನಿನ್ನ ಸಂಶೋಧನಾ ಪ್ರಬಂಧ ಹೋಗುತ್ತದಂತೆ. ಅದಕ್ಕೆ ಮೊದಲು ನಿನಗೊಂದು ಮಾತು ಹೇಳಲೇಬೇಕು. ನೀನು ಫೋನಿನಲ್ಲಿ ಸುದ್ದಿ ಹೇಳಿ ಹನ್ನೆರಡು ದಿನವಾಯಿತು, ಅದನ್ನು ಇನ್ನೂ ಹೇಳಿಲ್ಲ.

ನೀನು ಅಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ: 'ಅಜ್ಜಾ, ಮೂರೂ ಗುಡ್ಡದ ಹದ್ದು ಒಂದ ತಾಯಿ ಮಕ್ಕಳು!' ಯಾದಗಿರಿ, ಶಹಾಪುರ, ಸುರಪುರ. ತಾಯಿಯಿಂದಷ್ಟೇ ಮಕ್ಕಳಿಗೆ ಇಳಿಯುವ ಆ ಮೈಟೊಕಾಂಡ್ರಿಯಾದ ಬರಹದಲ್ಲಿ ಹದಿನೆಂಟು ಸಾವಿರ ಅಕ್ಷರ, ನಾನು ಕಳಿಸಿದ ಮೂರು ಕವರಿನ ಗರಿಗಳಲ್ಲಿ ಒಂದಕ್ಷರವೂ ಆಚೀಚೆ ಇಲ್ಲ ಎಂದೆ. ಬೇರೆ ಸೀಮೆಯ ಅದೇ ಜಾತಿಯ ಹದ್ದುಗಳಲ್ಲಿ ಅಲ್ಲೊಂದು ಇಲ್ಲೊಂದು ವ್ಯತ್ಯಾಸ, ನಮ್ಮವು ಮಾತ್ರ ಒಂದೇ ಎಂದೆ. ಆಚೆಮನೆಯ ಜೈತುನಬೀ ಶೀರಾ ತಂದು, 'ಮಾಸ್ತರ್, ನಿಮ್ಮ ಮೊಮ್ಮಗಳು ಹದ್ದಿನ ಖಾನದಾನ ಹುಡುಕ್ಯಾಳ್ರಿ!' ಎಂದಳು. ನನ್ನ ಹಳೆಯ ಶಾಲೆಯವರು ಮನೆಗೇ ಬಂದು, ಗರಿ ಆರಿಸಿ ಕಳಿಸಿದ ಅಜ್ಜ ಎಂದು ನನಗೇ ಶಾಲು ಹೊದಿಸಿದರು. ಎದ್ದು ಓಡಲು ಕಾಲೂ ಇಲ್ಲ. ಆ ಶಾಲು ಈಗ ಗೂಟದಲ್ಲಿದೆ, ಮಲಗಿದರೆ ನೇರ ಕಣ್ಣೆದುರು. ನನಗೆ ನಾಚಿಕೆಯಾಗುತ್ತಿದೆ ಪವಿತ್ರಾ.

ನಮ್ಮ ಕುರಿಹಟ್ಟಿಯ ಬಾಗಿಲು ನೆನಪಿದೆಯಲ್ಲ? ಮರಿಗಳ ಮೇಲೆ ಹದ್ದು ಎರಗದಿರಲೆಂದು ಹದ್ದಿನದೇ ಗರಿ ಸಿಕ್ಕಿಸುವುದು ನಮ್ಮ ಮನೆಯ ರೂಢಿ. ದೀಪಾವಳಿ ಹೊತ್ತಿಗೆ ಹೊಲದಾಚೆ ಕರೆಂಟು ತಂತಿಗೆ ಬಡಿದು ದೊಡ್ಡ ಹದ್ದೊಂದು ಸತ್ತಿತ್ತು. ಅಜ್ಜಿ ಗರಿ ಕಿತ್ತುಕೊಂಡು, ಹದ್ದನ್ನು ಮಣ್ಣು ಮಾಡಿ, ಬಾಗಿಲ ತುಂಬ ಗರಿ ಸಿಕ್ಕಿಸಿದಳು. ಮೂರು ಗುಡ್ಡದ ಗರಿ ಆರಿಸಿ ಕಳಿಸೆಂದು ಅದೇ ವಾರ ನಿನ್ನ ಖಾಲಿ ಕವರುಗಳು ಬಂದವು, ಅರಣ್ಯ ಇಲಾಖೆಯ ಪರವಾನಗಿಯ ನಕಲಿನ ಜೊತೆ. ಪ್ರತಿ ಕವರಿನ ಮೇಲೂ ಸ್ಥಳ, ದಿನಾಂಕ, ವೇಳೆ ಬರೆಯಲು ಕಾಲಂ. ಮೂವತ್ತೆರಡು ವರ್ಷ ಹಾಜರಿ ಬರೆದ ಕೈ ಇದು. ತಪಾಸಣೆಗೆ ಬಂದ ಸಾಹೇಬರು ಖಾಲಿ ಕಾಲಂ ಕಂಡರೆ ಕೆಂಡವಾಗುತ್ತಿದ್ದರು, ಮಕ್ಕಳು ಬರಲಿ ಬಿಡಲಿ ನಾವು ತುಂಬುತ್ತಿದ್ದೆವು. ಈಗ ಹೇಳಿದರೆ ನಿನ್ನ ಮೂರು ವರ್ಷದ ದುಡಿಮೆಗೆ ಪೆಟ್ಟು. ಹೇಳದಿದ್ದರೆ ನಾಳೆ ಇನ್ಯಾರೋ ಕಂಡುಹಿಡಿದು ನಿನ್ನನ್ನೇ ಸುಳ್ಳಿ ಎನ್ನುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ನನ್ನದು.

ಅಜ್ಜಿ ಎಣ್ಣೆ ಬಿಸಿಮಾಡಿಕೊಂಡು ಮೊಣಕಾಲು ತಿಕ್ಕಲು ಬರುತ್ತಿದ್ದಾಳೆ, ಮುಗಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜ,
ಅಂಬಣ್ಣ ಮಾಸ್ತರ

ತಾ.ಕ.: ನಾನು ಒಂದು ಗುಡ್ಡವನ್ನೂ ಹತ್ತಲಿಲ್ಲ. ಮೂರೂ ಕವರಿನ ಗರಿ ಹಟ್ಟಿಯ ಬಾಗಿಲಿನವು, ತಂತಿಗೆ ಬಡಿದು ಸತ್ತ ಆ ಒಂದೇ ಹದ್ದಿನವು. ಕಾಲು ಆಗಲೇ ಕೈಕೊಟ್ಟಿತ್ತು; ಆಗದು ಎಂದರೆ ನೀನು ಬೇರೆಯವರನ್ನು ಕೇಳುತ್ತೀಯಲ್ಲ ಎಂಬ ಹೊಟ್ಟೆಕಿಚ್ಚು. ಹದ್ದು ಎಲ್ಲಿಯದಾದರೂ ಹದ್ದೇ ತಾನೆ ಎಂದುಕೊಂಡೆ. ಊರು, ತಾರೀಖು, ವೇಳೆ ಎಲ್ಲ ಹೊರಸಿನ ಮೇಲೆ ಕೂತು ತುಂಬಿದೆ. ಪ್ರಬಂಧ ಕಳಿಸಬೇಡ. ಈ ಕಾಗದವನ್ನು ಕವರುಗಳ ಪಕ್ಕ ಗುರುಗಳ ಮುಂದಿಡು, ಎರಡರ ಮೇಲೂ ಒಂದೇ ಕೈಬರಹವಿರುವುದು ಅವರಿಗೆ ಕಾಣುತ್ತದೆ. ನಿನ್ನ ಯಂತ್ರ ಸರಿಯಾಗಿಯೇ ಓದಿದೆ ತಾಯಿ, ಸುಳ್ಳು ಬರೆದವನು ನಾನು.