ಹಾಲು ಕೊಡುವ ಮೀನು

ಮೊಳಕಾಲ್ಮೂರು. ೧೫ನೇ ಆಗಸ್ಟ್ ೧೯೧೨. ಶ್ರಾವಣ ಶುದ್ಧ ತದಿಗೆ, ಗುರುವಾರ

ಚೌಡಮ್ಮನಿಗೆ ದೀಪ ಹಚ್ಚಿದ್ದಾಯಿತು. ಒಂದು ಬುಟ್ಟಿ ಕಂಡಿಕೆಗೆ ನೂಲು ಸುತ್ತಿದೆ. ತಮ್ಮ ಬೊಮ್ಮಯ್ಯನಿಗೆ ಇವತ್ತೂ ಜಗಲಿಯ ಮೇಲೇ ಊಟ. ಆಫ್ರಿಕಾದ ನೇಟಾಲಿಗೆ ಹೋಗಿ ಬಂದವನು, ಸಮುದ್ರ ದಾಟಿದವನು. ಕುಲದವರು ಕೂತು ಶುದ್ಧಿ ಮಾಡುವ ತನಕ ಒಳಗೆ ಬರುವಂತಿಲ್ಲ, ಮಗ್ಗದ ಗುಂಡಿಗೆ ಕಾಲು ಇಳಿಸುವಂತಿಲ್ಲ. ನೂಲಹುಣ್ಣಿಮೆಗೆ ಹೊಸ ಜನಿವಾರ ಬಿದ್ದರೆ ನೇಯಬಹುದು. ಅವನು ಹೋದಂದಿನಿಂದ ಮಗ್ಗ ಖಾಲಿ. ನನಗೆ ಐವತ್ತು. ಕಂಡವರ ಕಂಡಿಕೆ ಸುತ್ತಿದ್ದು ಸಾಕು.

ಕಬ್ಬಿನ ತೋಟದ ಕರಾರು ಮುಗಿದ ಮೇಲೆ ದಡದ ಕಾರ್ಖಾನೆ ಸೇರಿದನಂತೆ. ತಿಮಿಂಗಿಲದ ಕೊಬ್ಬು ಕೊಯ್ದು ಎಣ್ಣೆ ಕಾಯಿಸುವ ಕೆಲಸ. ಪುರಾಣದಲ್ಲಿ ಕೇಳಿದ್ದೆ... ನಿಜವಾಗಿ ಇದೆಯಂತೆ. ಎಷ್ಟು ದೊಡ್ಡದೆಂದು ಪಕ್ಕದ ಮನೆ ಸೂರಮ್ಮ ಕೇಳಿದಳು. ತಲೆ ಅವಳ ಬಾಗಿಲಿಗಿಟ್ಟರೆ ಬಾಲ ಗುಡಿ ಮೆಟ್ಟಿಲಿಗೆ ಎಂದ. "ಹಂಗಾರೆ ಪೂಜಾರಿ ಹೊರಗೆ ಬರಂಗಿಲ್ಲ ಬಿಡು" ಎಂದಳು.

ನಾಗರಪಂಚಮಿ, ಶನಿವಾರ

ಹುತ್ತಕ್ಕೆ ಹಾಲೆರೆದು ಬಂದೆ. ತಂಬಿಟ್ಟು ತಿನ್ನುತ್ತಾ ಬೊಮ್ಮಯ್ಯ ತಾನೇ ಮಾತು ತೆಗೆದ.

ಅವನು ಕಂಡದ್ದು ಹೆಚ್ಚಾಗಿ ಗೂನುಬೆನ್ನಿನ ಜಾತಿಯ ತಿಮಿಂಗಿಲ. ಈಜುವ ತೋಳು ಮಗ್ಗಕ್ಕಿಂತ ಉದ್ದ. ಮೈಯೆಲ್ಲ ನೀರಿನಿಂದ ಮೇಲೆ ಹಾರಿ ಬೀಳುತ್ತದೆ — ಯಾಕೆಂದು ಯಾರೂ ಹೇಳಲಾರರು. ಬಾಲದ ಅಡಿ ಕಪ್ಪು ಬಿಳಿ, ಒಂದರ ಚಿತ್ತಾರ ಇನ್ನೊಂದಕ್ಕಿಲ್ಲ. ನೇಕಾರನ ಕಣ್ಣು, ಅದನ್ನೇ ನೋಡಿದ್ದಾನೆ. ಚಳಿಯ ಸಮುದ್ರದಲ್ಲಿ ತಿಂದು ಕೊಬ್ಬುತ್ತದೆ. ಹೆರುವುದಕ್ಕೆ ಬೆಚ್ಚನೆಯ ನೀರಿಗೆ ಬರುತ್ತದೆ. ಅಲ್ಲಿರುವ ತನಕ ಮರಿಗೆ ಹಾಲು, ತನಗೆ ಉಪವಾಸ.

ಒಂದು ದಿನ ಕಲ್ಲಿದ್ದಲು ಎತ್ತಲು ಬೇಟೆಯ ಸ್ಟೀಮರಿನಲ್ಲಿ ಕರೆದೊಯ್ದರಂತೆ. ಯಂತ್ರ ನಿಲ್ಲಿಸಿದ್ದರು. ತಳದಲ್ಲಿ ಮಲಗಿದ್ದವನಿಗೆ ಹಲಗೆಯೊಳಗಿಂದ ತಿಮಿಂಗಿಲದ ಹಾಡು. ಮುಗಿದದ್ದೇ ಮತ್ತೆ ಮೊದಲಿನಿಂದ, ಅದೇ ಸಾಲು. ಗುನುಗಿ ತೋರಿಸಿದ. ಕೆಳಗೆ ನರಳಿದಂತೆ ಶುರು, ಮೇಲಕ್ಕೆ ಹೋಗಿ ತೆಳ್ಳಗಾಗುತ್ತದೆ. ಸಾಕು ನಿಲ್ಲಿಸು ಎಂದೆ.

"ಮೊದಲು ಮರಿಗೆ ಹೊಡೆದ್ರು ಅಕ್ಕ. ತಾಯಿ ಬಿಟ್ಟು ಹೋಗಲ್ಲ ಅಂತ ಗೊತ್ತು ಅವರಿಗೆ. ಹಗ್ಗ ಎಳೆದೋನು ನಾನು. ದಡದಾಗೆ ಕೊಯ್ದಾಗ ಹಾಲು ಹರೀತು."

ಕುಲದವರ ಮುಂದೆ ಮೀನು ಎನ್ನು, ಅಷ್ಟು ಸಾಕು ಎಂದೆ. ಮೀನು ಕೊಂದದ್ದಕ್ಕೆ ಪಂಚಗವ್ಯ ಕುಡಿದರೆ ಮುಗಿಯಿತು. ಹಾಲು ಕೊಡುವುದೆಂದರೆ ಹಸುವಿನ ಲೆಕ್ಕ. ಆಗಲಿ ಎಂದು ತಲೆ ಆಡಿಸಿದ.

ಶ್ರಾವಣ ಸೋಮವಾರ

ಉಪವಾಸ. ಸಂಜೆ ಗುಡಿಯಲ್ಲಿ ಕುಲದವರು ಕೂತರು. ನಾನು ಕಂಬದ ಹಿಂದೆ.

ಯಜಮಾನ ಪೆದ್ದಣ್ಣನವರು ಏನು ಜೀವ ತೆಗೆದೆ ಎಂದು ಕೇಳಿದರು. ಮೀನು ಎಂದ. ಪಂಚಗವ್ಯದ ಬಟ್ಟಲು ತರಿಸಿದರು. ನನಗೆ ಉಸಿರು ಬಂತು. ಬಟ್ಟಲು ಕೊಡುತ್ತಾ ಯಜಮಾನರು, ಅಂಥಾ ಮೀನು ನಮ್ಮ ಕೆರೆಯಲ್ಲಿ ಹಿಡಿಸುತ್ತದೇನಲೇ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಬೊಮ್ಮಯ್ಯ ಬಟ್ಟಲು ಕೆಳಗಿಟ್ಟ.

"ಮೀನಲ್ಲ ಯಜಮಾನ್ರೆ. ಮರಿಗೆ ಹಾಲು ಕೊಡ್ತೈತೆ."

ಪೆದ್ದಣ್ಣನವರು ಒಳ್ಳೆಯವರು. "ನನಗೆ ಮೀನು ಅಂತ್ಲೇ ಕೇಳಿಸ್ತು. ಇನ್ನೊಂದ್ಸಲ ಹೇಳು" ಎಂದರು.

"ಹಾಲು ಕೊಡ್ತೈತೆ."

ಹಸು ಕೊಂದವನ ಪ್ರಾಯಶ್ಚಿತ್ತವೇ ಆಯಿತು. ಕೊರಳಿಗೆ ಹಗ್ಗ. ಊರೆಲ್ಲ ಭಿಕ್ಷೆ. ಮಾತಾಡಬಾರದು, ಕೊಂದ ಜೀವದ ದನಿಯಲ್ಲಿ ಕೂಗಬೇಕು. ಜನಿವಾರ, ಮಗ್ಗ — ಎರಡೂ ಬರುವ ವರ್ಷದ ನೂಲಹುಣ್ಣಿಮೆಗೆ.

ಮನೆಗೆ ಬಂದು, ಒಂದು ಮಾತಿಗೆ ಒಂದು ವರ್ಷ ಕಳೆದೆಯಲ್ಲೋ ಎಂದೆ.

"ನೀನು ಇವತ್ತು ಉಪವಾಸ ಅಲ್ವಾ ಅಕ್ಕ. ಅದೂ ಉಪವಾಸ ಇತ್ತು."



ನೂಲಹುಣ್ಣಿಮೆ, ಮಂಗಳವಾರ, ಬೆಳಿಗ್ಗೆ

ಬೀದಿಯ ಗಂಡಸರಿಗೆಲ್ಲ ಹೊಸ ಜನಿವಾರ. ಬೊಮ್ಮಯ್ಯನಿಗೆ ಹಗ್ಗ. ಮೊದಲ ಭಿಕ್ಷೆ ನಮ್ಮ ಮನೆಯದೇ. ಮೊರದಲ್ಲಿ ರಾಗಿ ಹಿಡಿದು ನಿಂತೆ. ಅಂಬಾ ಅನ್ನುತ್ತಾನೆ, ನಗೋಣ ಎಂದು ಮಕ್ಕಳು ಕಾದಿದ್ದವು.

ಅಂಬಾ ಅನ್ನಲಿಲ್ಲ. ಆ ದನಿ ತೆಗೆದ. ಕೆಳಗಿನಿಂದ, ಮೇಲಕ್ಕೆ, ತೆಳ್ಳಗೆ. ಮತ್ತೆ ಕೆಳಗಿನಿಂದ. ಯಾರೂ ನಗಲಿಲ್ಲ. "ಇದ್ಯಾವ ಹಸೂನವ್ವ?" ಎಂದು ಸೂರಮ್ಮ ಮೆಲ್ಲಗೆ ಕೇಳಿದಳು. ಜೋಳಿಗೆಗೆ ರಾಗಿ ಸುರಿದೆ. ಕೈ ಮುಗಿದೆ — ಅವನಿಗಲ್ಲ.

ಮಗ್ಗದ ಗುಂಡಿಗೆ ಹಲಗೆ ಮುಚ್ಚಿದೆ. ಕಂಡಿಕೆಗೆ ಕೂತೆ. ಕೈ ಓಡುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುಡಿಯ ತಿರುವಿನಲ್ಲಿದ್ದಾನೆ ಈಗ. ಇಲ್ಲಿಗೂ ಕೇಳಿಸುತ್ತಿದೆ. ಅದೇ ಸಾಲು. ನರಳಿದ್ದಾಯಿತು, ಇನ್ನು ಮೇಲಕ್ಕೆ